ಕುರ್ಚಿಯ ಮೇಲಿನ ಕೈ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ನಕ್ಕು ಸುಮ್ಮನಿದ್ದರೂ ಆಗುತ್ತಿತ್ತು, ಹೇಳಿದವರ ಬಾಯಿ ಮುಚ್ಚಿಸುವವರೆಗೆ ಬಿಡುತ್ತಿರಲಿಲ್ಲ. ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಕಲಿಸಿದವನು ನಾನು. ಯಾರಾದರೂ ಹುಣಸೆಮರದ ಕೆಳಗೆ ಏನೋ ಬೆಳ್ಳಗೆ ಕಂಡಿತು ಎಂದರೆ ಸಾಕು, ಎಷ್ಟು ಹೊತ್ತಿಗೆ, ಎಷ್ಟು ದೂರದಿಂದ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಊಟ ಆಗಿತ್ತೋ ಇಲ್ಲವೋ ಎಂದು ಪೊಲೀಸರ ಹಾಗೆ ಕೇಳುತ್ತಿದ್ದೆ. ಪಾಪ, ಹೇಳುವವರು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನನಗೆ ‘ಪುರಾವೆ ಮಾಸ್ತರ’ ಎಂದು ಹೆಸರೇ ಬಿದ್ದಿತ್ತು. ಆ ಹೆಸರು ಕೇಳಿ ಒಳಗೊಳಗೇ ಖುಷಿಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ನಗುವವರು ಧಾರಾಳವಾಗಿ ನಗಲಿ, ಅಷ್ಟು ಬಾಕಿ ನನ್ನ ಮೇಲಿದೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ, ಬಣ್ಣ ಕಟ್ಟುವುದಿಲ್ಲ. ಅದರ ಅರ್ಥವೇನು ಎಂದು ಮಾತ್ರ ಕೇಳಬೇಡಿ. ಗೊತ್ತಿದ್ದರೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿರಲಿಲ್ಲ.

ಆಗ ರಾಣೆಬೆನ್ನೂರಿನಲ್ಲಿ ದಾದಾಪೀರ ಎಂಬ ನನ್ನ ಗೆಳೆಯನ ಫೋಟೋ ಸ್ಟುಡಿಯೋ ಇತ್ತು. ನನಗಿಂತ ಎರಡು ವರ್ಷ ಚಿಕ್ಕವನು. ಶನಿವಾರದ ಬೆಳಗಿನ ಶಾಲೆ ಮುಗಿಸಿ ಹಾವೇರಿಯಲ್ಲಿ ಬಸ್ ಹತ್ತಿದೆನೆಂದರೆ ಸಂಜೆಯವರೆಗೆ ಅವನ ಅಂಗಡಿಯೇ ನನ್ನ ಠಿಕಾಣಿ. ಲೆನ್ಸು ಯಾಕೆ ಹಾಗೆ ಮಾಡುತ್ತದೆ ಎಂದು ನಾನು ಅವನಿಗೆ ಹೇಳುತ್ತಿದ್ದೆ, ಲೆನ್ಸಿನಿಂದ ಏನು ಮಾಡಿಸಬಹುದು ಎಂದು ಅವನು ನನಗೆ ತೋರಿಸುತ್ತಿದ್ದ. ಹೀಗೆ ನನಗೂ ಫೋಟೋ ತೆಗೆಯುವ ಹುಚ್ಚು ಹತ್ತಿತು. ಗುತ್ತಲದಿಂದ ಐರಣಿಯವರೆಗೆ ಅವನು ಕ್ಯಾಮೆರಾ ಹಿಡಿದು ಹೋಗದ ಮದುವೆ ಇರಲಿಲ್ಲ. ಕೈಗೆ ಬಿಡುವಿದ್ದಾಗ ನಾನೂ ಬಲ್ಬು ಹಿಡಿಯಲು ಹೋಗುತ್ತಿದ್ದೆ, ಊಟ ಚೆನ್ನಾಗಿರುತ್ತಿತ್ತು.

ಅವನ ಕಸುಬಿನಲ್ಲಿ ಇನ್ನೊಂದು ಕೆಲಸವಿತ್ತು. ಹಳ್ಳಿಯ ಮಂದಿ ತೀರಿಕೊಂಡ ತಂದೆಯದೋ ಅಜ್ಜನದೋ ಹೆಬ್ಬೆರಳಿನಷ್ಟು ಸಣ್ಣ, ಮಾಸಿದ, ಮಡಿಕೆ ಬಿದ್ದ ಫೋಟೋ ತಂದು, ‘ಇದನ್ನ ದೊಡ್ಡದು ಮಾಡಿ ಕೊಡ್ರಿ’ ಎನ್ನುತ್ತಿದ್ದರು. ಅವನು ಅದನ್ನು ಮತ್ತೆ ಫೋಟೋ ತೆಗೆದು, ಹಿಗ್ಗಿಸಿ, ಸಣ್ಣ ಕುಂಚ ಹಿಡಿದು ಅಳಿಸಿಹೋದ ಕಣ್ಣು ಮೂಗು ತಿದ್ದಿ, ಬರಿಮೈಯಲ್ಲಿದ್ದವರಿಗೆ ಅಂಗಿ, ಅಂಗಿಯಲ್ಲಿದ್ದವರಿಗೆ ಕೋಟು ತೊಡಿಸಿ ಕೊಡುತ್ತಿದ್ದ. ಜನ ಅದನ್ನು ನೋಡಿ ಅಂಗಡಿಯಲ್ಲೇ ಅಳುತ್ತಿದ್ದರು. ಅವರು ಹೋದ ಮೇಲೆ ಕುಂಚ ತೊಳೆಯುತ್ತ ಒಮ್ಮೆ ಹೇಳಿದ:

“ಮಂದಿ ಅಪ್ಪಗೋಳಿಗೆಲ್ಲ ಕೋಟು ಹಾಕಿ ಕೊಡ್ತೇನ್ರಿ ಮಾಸ್ತರ್ರ. ನಮ್ಮ ಅಬ್ಬಾನ ಮಾರಿ ಹೆಂಗಿತ್ತು ಅನ್ನೂದ ನನಗ ಗೊತ್ತಿಲ್ಲ.”

ಅವನ ತಂದೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವರು. ದಾದಾಪೀರನಿಗೆ ಎರಡು ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡರು. ಬಹಳ ದೈವಭಕ್ತರು. ಮನುಷ್ಯರ ಚಿತ್ರ ತೆಗೆಸುವುದು ತಪ್ಪು ಎಂದು ನಂಬಿದ್ದವರು. ಒಮ್ಮೆ ಪೇಟೆಯ ಹಮಾಲರೆಲ್ಲ ಸೇರಿ ಒಂದು ಫೋಟೋ ತೆಗೆಸಿದರಂತೆ. ಎಲ್ಲರೂ ಸಾಲಾಗಿ ನಿಂತಾಗ ಇವರು ಮೆಲ್ಲಗೆ ಜಾರಿ, ಫೋಟೋ ತೆಗೆಯುವವನ ಹಿಂದೆ ಹೋಗಿ ನಿಂತುಬಿಟ್ಟರಂತೆ. ಆ ಫೋಟೋವನ್ನು ದಾದಾಪೀರ ಹುಡುಕಿಕೊಂಡು ಹೋಗಿ ನೋಡಿದ್ದ. ಹದಿನಾರು ಮಂದಿ ಇದ್ದರು, ಅವನ ಅಪ್ಪ ಇರಲಿಲ್ಲ. ತಾಯಿಯನ್ನು ಕೇಳಿದರೆ ಒಂದು ದಿನ ‘ನಿನ್ನಂಗ ಇದ್ರು’ ಎನ್ನುವರು, ಇನ್ನೊಂದು ದಿನ ‘ನಿನ್ನಂಗ ಎಲ್ಲಿ, ಅವರ ಮಾರೀನ ಬ್ಯಾರೆ’ ಎನ್ನುವರು. ನಲವತ್ತರ ಹತ್ತಿರ ಬಂದ ಮನುಷ್ಯ ಇದನ್ನು ಹೇಳುವಾಗ ಮುಖ ಸಣ್ಣ ಹುಡುಗನದಾಗುತ್ತಿತ್ತು.

ತಾಯಿಯ ಹೆಸರು ಹಜರತಬಿ. ನಾನು ಚಾಚಿ ಎನ್ನುತ್ತಿದ್ದೆ. ಬ್ಯಾಡಗಿಯಲ್ಲಿ ಮಗಳ ಮನೆಯಲ್ಲಿದ್ದರು. ಮಗ ಸ್ಟುಡಿಯೋ ತೆರೆದಾಗ ಚಾಚಿ, ‘ನಿನ್ನ ಅನ್ನ ಅದರಾಗ ಐತಿ, ಬ್ಯಾಡ ಅನ್ನಂಗಿಲ್ಲ, ಆದ್ರ ಆ ಡಬ್ಬಿ ನನ್ನ ಮುಂದ ತರಬ್ಯಾಡ’ ಎಂದಿದ್ದರಂತೆ. ಅವನು ತಂದಿರಲಿಲ್ಲ.

ಎಂಬತ್ತಾರೋ ಎಂಬತ್ತೇಳೋ ಇರಬೇಕು, ಚಾಚಿ ತಮ್ಮ ಅಣ್ಣನ ಜೊತೆ ಹಜ್‌ಗೆ ಹೊರಡುವುದೆಂದು ನಿಶ್ಚಯವಾಯಿತು. ಅರ್ಜಿಗೆ ಫೋಟೋ ಬೇಕು. ಫೋಟೋ ಇಲ್ಲದೆ ಅರ್ಜಿ ಇಲ್ಲ, ಅರ್ಜಿ ಇಲ್ಲದೆ ಯಾತ್ರೆ ಇಲ್ಲ. ಚಾಚಿ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ತಿಳಿದ ಹಿರಿಯರು ಇಂಥ ಕೆಲಸಕ್ಕೆ ತಪ್ಪಿಲ್ಲ ಎಂದು ಹೇಳಿದ ಮೇಲೆ ಒಪ್ಪಿದರು. ಆದರೆ ಕರಾರುಗಳಿದ್ದವು. ಸ್ಟುಡಿಯೋಕ್ಕೆ ಬರುವುದಿಲ್ಲ, ಮನೆಯ ಹಿತ್ತಲಲ್ಲೇ ಆಗಬೇಕು. ಒಂದೇ ಒಂದು ಫೋಟೋ, ಇನ್ನೊಂದು ಎಂದರೆ ಏಳುತ್ತೇನೆ.

ಆ ಶನಿವಾರ ನಾನೂ ಅವನ ಜೊತೆ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿಯ ಸುಗ್ಗಿ. ಬಸ್ಸಿಳಿಯುವ ಮೊದಲೇ ಸೀನು ಶುರುವಾಗುವ ಕಾಲ. ಊರವರಿಗೆ ಅದು ಲೆಕ್ಕಕ್ಕೇ ಇಲ್ಲ, ನಮ್ಮಂಥ ಹೊರಗಿನವರು ಮೂಗಿಗೆ ಕರವಸ್ತ್ರ ಹಿಡಿದು ನಡೆಯುವುದನ್ನು ನೋಡಿ ನಗುತ್ತಾರೆ. ಚಾಚಿಯ ಮನೆ ಪೇಟೆಯಿಂದ ಎರಡು ಓಣಿ ದಾಟಿದರೆ ಸಿಗುತ್ತದೆ. ಹಿತ್ತಲ ಗೋಡೆಗೆ ಬಿಳಿ ಚಾದರ ಕಟ್ಟಿದೆವು. ಅದರ ಮುಂದೆ ಮರದ ಕುರ್ಚಿ ಹಾಕಿದೆವು, ಬೆನ್ನಿನ ಮೇಲ್ಗಡೆ ಅಡ್ಡಪಟ್ಟಿ ಇದ್ದ ಹಳೆಯ ಕುರ್ಚಿ. ಮಧ್ಯಾಹ್ನ ಮೂರರ ಬಿಸಿಲು ಚಾದರದ ಮೇಲೆ ನೇರವಾಗಿ ಬೀಳುತ್ತಿತ್ತು. ನೆನಪಿಡಿ, ಹಗಲು, ಒಳ್ಳೆ ಬೆಳಕು.

ಚಾಚಿ ಬಂದು ಕುಳಿತರು. ತಲೆ ತುಂಬ ಸೆರಗು, ಮೂಗಿನ ಎಡಗಡೆ ಹರಳಿನ ನತ್ತು, ಎರಡೂ ಕೈ ತೊಡೆಯ ಮೇಲೆ. ಪರೀಕ್ಷೆಗೆ ಕುಳಿತ ಹುಡುಗಿಯ ಹಾಗೆ ಕಾಣುತ್ತಿದ್ದರು. ದಾದಾಪೀರ ಕ್ಯಾಮೆರಾ ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ಸಾವಿರಾರು ಜನರ ಫೋಟೋ ತೆಗೆದವನು ಅದನ್ನು ಮತ್ತೆ ಇಳಿಸಿ ನನ್ನ ಕಡೆ ತಿರುಗಿದ.

“ನನ್ನ ಕಡಿಂದ ಆಗವಲ್ದು. ಒಂದ ಒಂದು ಅಂದಾಳ, ಕೆಟ್ಟರ ಗತಿ ಏನು? ನೀವ ಹೊಡೀರಿ ಮಾಸ್ತರ್ರ.”

ಕ್ಯಾಮೆರಾ ನನ್ನ ಕೊರಳಿಗೆ ಬಂತು. ಅವನು ಸಿಗರೇಟಿನ ಬೆಳ್ಳಿಕಾಗದ ಅಂಟಿಸಿದ ರಟ್ಟನ್ನು ಹಿಡಿದು ನನ್ನ ಎಡಕ್ಕೆ, ಒಂದು ಮೊಳ ದೂರದಲ್ಲಿ ನಿಂತ, ತಾಯಿಯ ಮುಖಕ್ಕೆ ಬೆಳಕು ಕೊಡಲು. ಚಾಚಿಯ ಮಗಳು ಅಡಿಗೆಮನೆಯಲ್ಲಿದ್ದಳು. ಹಿತ್ತಲಲ್ಲಿ ನಾವು ಮೂವರೇ.

ಆ ಕ್ಯಾಮೆರಾದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಎರಡು ಕಣ್ಣಿನ ಹಳೆಯ ಕ್ಯಾಮೆರಾ. ಕೆಳಗಿನ ಲೆನ್ಸು ಫೋಟೋ ತೆಗೆಯುವುದಕ್ಕೆ, ಮೇಲಿನದು ನೋಡುವುದಕ್ಕೆ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿರುವ ಮಬ್ಬು ಗಾಜಿನಲ್ಲಿ ನೋಡಬೇಕು. ಒಳಗೊಂದು ಕನ್ನಡಿ ಇರುವುದರಿಂದ ಆ ಗಾಜಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುವುಮುರುವಾಗಿ ಕಾಣುತ್ತದೆ. ಎಡಗೈ ಬಲಗೈಯಾಗುತ್ತದೆ, ಬಲಗೈ ಎಡಗೈಯಾಗುತ್ತದೆ. ಫೋಟೋದಲ್ಲಿ ಮಾತ್ರ ಸರಿಯಾಗಿ ಬರುತ್ತದೆ. ಇದರಲ್ಲಿ ಮಾಟವೇನೂ ಇಲ್ಲ, ಒಂಬತ್ತನೇ ಇಯತ್ತೆಯ ಪಾಠ.

ಬಗ್ಗಿ ನೋಡಿದೆ. ಚಾಚಿಯ ನತ್ತು ಬಲಗಡೆ ಇತ್ತು, ಇರಬೇಕಾದದ್ದೇ. ಗಾಜಿನ ಮೇಲಿನ ಸಣ್ಣ ಭೂತಗನ್ನಡಿಯನ್ನು ಮೇಲೆತ್ತಿ, ಕಣ್ಣು ಸ್ಪಷ್ಟವಾಗಿ ಬಂದಿದೆಯೇ ಎಂದು ನೋಡಿದೆ. ಬಂದಿತ್ತು. ಕ್ಯಾಮೆರಾವನ್ನು ಒಂದಿಷ್ಟು ಸರಿಸಿ, ಕುರ್ಚಿಯ ಅಡ್ಡಪಟ್ಟಿಯೂ ಸ್ಪಷ್ಟವಾಗಿದೆಯೇ ಎಂದು ನೋಡಿದೆ. ಪಟ್ಟಿಯ ಮೇಲೆ, ಚಾಚಿಯ ಹೆಗಲ ಪಕ್ಕದಲ್ಲಿ, ಒಂದು ಕೈ ಇತ್ತು.

ಹಿಂದಿನಿಂದ ಯಾರೋ ನಿಂತು ಕುರ್ಚಿ ಹಿಡಿದಾಗ ಹೇಗೆ ಬೆರಳುಗಳು ಪಟ್ಟಿ ದಾಟಿ ಮುಂದಕ್ಕೆ ಇಳಿದಿರುತ್ತವೆಯೋ ಹಾಗೆ. ಕಪ್ಪಗಿನ, ದಪ್ಪ ಗಂಟಿನ, ದುಡಿದ ಗಂಡಸಿನ ಬೆರಳುಗಳು. ಉಗುರ ಸಂದಿಯಲ್ಲಿ ಕೆಂಪು. ಕಿರುಬೆರಳಿನ ಪಕ್ಕದ ಬೆರಳು ಅರ್ಧಕ್ಕೇ ನಿಂತಿತ್ತು, ತುದಿಯಲ್ಲಿ ಉಗುರಿರಲಿಲ್ಲ. ಭೂತಗನ್ನಡಿಯಲ್ಲಿ ಕಾಣುವುದು ಗಾಜಿನ ನಡುಭಾಗ ಮಾತ್ರ, ಹಾಗಾಗಿ ಮಣಿಕಟ್ಟಿನಿಂದ ಮೇಲೆ ಏನೂ ಕಾಣಲಿಲ್ಲ. ಯಾರ ಬೆರಳು ಎಂದು ಯೋಚಿಸದೆ, ದಾದಾಪೀರನೇ ಹಿಂದೆ ಹೋಗಿ ನಿಂತಿದ್ದಾನೆ ಎಂದುಕೊಂಡೆ.

“ಲೇ ದಾದಾಪೀರ, ಕೈ ತಗಿ” ಎಂದೆ.

“ಯಾವ ಕೈರಿ?” ಎಂದ ಅವನು, ನನ್ನ ಕಿವಿಯ ಹತ್ತಿರದಿಂದಲೇ.

ತಲೆ ಎತ್ತಿದೆ. ಅವನು ರಟ್ಟು ಹಿಡಿದು ನನ್ನ ಪಕ್ಕದಲ್ಲೇ ಇದ್ದ. ಚಾಚಿ ಕುರ್ಚಿಯಲ್ಲಿ, ಎರಡೂ ಕೈ ತೊಡೆಯ ಮೇಲೆ. ಅವರ ಹಿಂದೆ ಒಂದು ಅಡಿ ಬಿಟ್ಟು ಚಾದರ, ಚಾದರದ ಹಿಂದೆ ಗೋಡೆ. ಯಾರೂ ಇರಲಿಲ್ಲ. ಮತ್ತೆ ಬಗ್ಗಿದೆ. ಕೈ ಇತ್ತು. ತಲೆ ಎತ್ತಿದೆ, ಇಲ್ಲ. ಬಗ್ಗಿದೆ, ಇತ್ತು. ಒಂದು ಬೆರಳು ಸ್ವಲ್ಪ ಎದ್ದು ಮತ್ತೆ ಪಟ್ಟಿಯ ಮೇಲೆ ಕುಳಿತದ್ದನ್ನೂ ಕಂಡೆ. ನನಗೆ ಭಯವಾಯಿತೆಂದು ನೀವು ತಿಳಿಯಬಹುದು. ಇಲ್ಲ. ಲೆಕ್ಕ ತಪ್ಪಿದಾಗ ಆಗುತ್ತದಲ್ಲ, ಎಲ್ಲಿ ತಪ್ಪಿತು ಎಂದು ಹುಡುಕುವ ಗಡಿಬಿಡಿ, ಅದಾಯಿತು. ಆ ಗಡಿಬಿಡಿಯಲ್ಲಿ ಭೂತಗನ್ನಡಿಯನ್ನು ಮಡಚಿ ಇಡೀ ಗಾಜನ್ನು, ಅಂದರೆ ಆ ಕೈಯ ಮೇಲೆ ಇರಬಹುದಾಗಿದ್ದ ಮುಖವನ್ನು ನೋಡಬೇಕೆಂದು ಹೊಳೆಯಲೇ ಇಲ್ಲ. ಆ ಅರ್ಧ ಬೆರಳನ್ನೇ ನೋಡುತ್ತ ಗುಂಡಿ ಒತ್ತಿಬಿಟ್ಟೆ. ಕ್ಲಿಕ್ ಎಂದಿತು. ಆಮೇಲೆ ಗಾಜಿನಲ್ಲಿ ಬರೀ ಕುರ್ಚಿ.

“ಬಂತೇನಪಾ?” ಎಂದರು ಚಾಚಿ.

“ಬಂತ್ರಿ ಚಾಚಿ.”

“ನಾ ಒಬ್ಬಾಕೀನ ಬಂದೇನಿಲ್ಲೋ?”

ಅವರು ಏಕೆ ಹಾಗೆ ಕೇಳಿದರೋ ಇವತ್ತಿಗೂ ತಿಳಿಯದು. ಅರ್ಜಿಗೆ ಕೊಡುವ ಫೋಟೋದಲ್ಲಿ ಒಬ್ಬರೇ ಇರಬೇಕೆಂದು ಯಾರೋ ಹೇಳಿದ್ದಿರಬಹುದು. ಅಡಿಗೆಮನೆಯ ಬಾಗಿಲಲ್ಲಿ ಮಗಳು ಇಣುಕಿದ್ದಾಳೆಂದು ಅನ್ನಿಸಿರಬಹುದು. ನಾನು ಜೋರಾಗಿ ನಕ್ಕುಬಿಟ್ಟೆ.

“ಮತ್ತ್ಯಾರು ಬರ್ತಾರ್ರಿ ಚಾಚಿ, ನೀವೊಬ್ರ!”

ಚಾಚಿ ‘ಹೂಂ’ ಎಂದು ಎದ್ದರು. ಒಳಗೆ ಹೋಗುವಾಗ ಸೆರಗಿನ ತುದಿಯಿಂದ ಕುರ್ಚಿಯ ಪಟ್ಟಿಯನ್ನು ಒಮ್ಮೆ ಒರೆಸಿದರು. ಧೂಳಿದ್ದರೆ ಯಾರಾದರೂ ಒರೆಸುತ್ತಾರೆ, ಅದರಲ್ಲಿ ವಿಶೇಷವಿಲ್ಲ.

ಆ ಸಂಜೆಯೇ ರಾಣೆಬೆನ್ನೂರಿನ ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆದೆವು. ದಾದಾಪೀರನಿಗೆ ತಾಯಿಯ ಮುಖದ ಚಿಂತೆ, ನನಗೆ ಕುರ್ಚಿಯ ಚಿಂತೆ. ಮುಖ ಚೆನ್ನಾಗಿ ಬಂದಿತ್ತು. ಅವನು ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು, ‘ನಮ್ಮವ್ವ! ನೋಡ್ರಿ ನಮ್ಮವ್ವ!’ ಎಂದು ಕುಣಿದಾಡಿದ. ನಾನು ಅವನ ಹೆಗಲ ಮೇಲಿಂದ ಅಡ್ಡಪಟ್ಟಿಯನ್ನು ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಬರೀ ಮರ.

ಕಾರಣ ಹುಡುಕುವುದರಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ತುಂಬಿತ್ತು, ನೀರು ತುಂಬಿದ ಕಣ್ಣಿಗೆ ಏನೇನೋ ಕಾಣುತ್ತದೆ, ಸರಿ. ಆದರೆ ಅದೇ ಕಣ್ಣಿಗೆ ನತ್ತಿನ ಹರಳು ಸ್ಪಷ್ಟವಾಗಿ ಕಂಡಿತ್ತಲ್ಲ? ಗಾಜಿನ ಮೇಲೆ ಗೀರು ಇರಬಹುದು ಎಂದು ಮರುವಾರ ಕ್ಯಾಮೆರಾ ಬಿಚ್ಚಿಸಿ ನೋಡಿದೆ. ಒಂದು ಗೀರು ಇತ್ತು, ಮೂಲೆಯಲ್ಲಿ, ಬೆರಳಿನ ಹಾಗಂತೂ ಇರಲಿಲ್ಲ. ಚಾದರದ ಮಡಿಕೆಯ ನೆರಳೇ? ನೆರಳಿಗೆ ಕೆಂಪು ಉಗುರು ಎಲ್ಲಿಂದ ಬರಬೇಕು? ಬೆಳ್ಳಿಕಾಗದದಲ್ಲಿ ದಾದಾಪೀರನ ಕೈಯೇ ಪ್ರತಿಫಲಿಸಿ ಎದುರಿಗೆ ಕಂಡಿತೇ? ಅವನ ಹತ್ತೂ ಬೆರಳು ನೆಟ್ಟಗಿದ್ದವು. ಫೋಟೋ ತೆಗೆದ ದಿನವೇ ರಾತ್ರಿ ಶಾಲೆಯ ಪಾಠದ ವಹಿಯ ಹಿಂದಿನ ಪುಟದಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೆ. ಲೆನ್ಸು, ಕನ್ನಡಿ, ಬೆಳಕಿನ ಗೆರೆಗಳು, ಅದರ ಕೆಳಗೆ ಕುರ್ಚಿಯ ಪಟ್ಟಿ ಮತ್ತು ಆ ಕೈ. ‘ಗಾಜಿನಲ್ಲಿ ಕಂಡಂತೆ’ ಎಂದು ಪಕ್ಕದಲ್ಲಿ ಬರೆದಿದ್ದೆ. ಚಿತ್ರ ಬರೆದರೆ ಗೊಂದಲ ಬಿಡುತ್ತದೆ ಎಂದು ಹುಡುಗರಿಗೆ ಹೇಳುವವನು ನಾನು. ನನ್ನ ಗೊಂದಲ ಬಿಡಲಿಲ್ಲ.

ಯಾರಿಗೂ ಹೇಳಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ದಾದಾಪೀರನಿಗೂ ಹೇಳಲಿಲ್ಲ, ಚಾಚಿಗೂ ಹೇಳಲಿಲ್ಲ. ‘ಪುರಾವೆ ಮಾಸ್ತರಗ ಹಗಲ ಹೊತ್ತಿನ್ಯಾಗ ದೆವ್ವ ಕಂಡೈತಿ’ ಎಂದು ಸ್ಟಾಫ್ ರೂಮಿನಲ್ಲಿ ನಗುವುದು ಕಿವಿಯಲ್ಲಿ ಕೇಳಿಸುತ್ತಿತ್ತು. ಚಾಚಿ ಹಜ್ ಮುಗಿಸಿ ಬಂದರು. ನನಗೂ ಖರ್ಜೂರ, ಮೆಕ್ಕಾದ ಪವಿತ್ರ ಜಂಜಂ ನೀರು ತಂದಿದ್ದರು. ಆಮೇಲೆ ಏಳು ವರ್ಷ ಬದುಕಿದ್ದರು. ಬ್ಯಾಡಗಿಗೆ ಹೋದಾಗಲೆಲ್ಲ ಅವರ ಕೈಯ ಚಹಾ ಕುಡಿದು ಬರುತ್ತಿದ್ದೆ. ಕುರ್ಚಿ ಅಲ್ಲೇ ಪಡಸಾಲೆಯಲ್ಲಿರುತ್ತಿತ್ತು. ಅದರ ಮೇಲೆ ಮಾತ್ರ ನಾನು ಕುಳಿತುಕೊಳ್ಳುತ್ತಿರಲಿಲ್ಲ.

ಚಾಚಿ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಒಂದು ಸಂಜೆ ದಾದಾಪೀರನ ಅಂಗಡಿಯಲ್ಲಿ ಕುಳಿತಿದ್ದೆವು. ಅರ್ಜಿಗೆಂದು ತೆಗೆದ ಆ ಫೋಟೋವನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಿದ್ದ. ಗೋಡೆಗೆ ತೂಗುಹಾಕಿರಲಿಲ್ಲ, ಅಪ್ಪನಿಗೆ ಇಷ್ಟವಾಗುತ್ತಿರಲಿಲ್ಲವೆಂದು ಕಪಾಟಿನೊಳಗೆ ಇಟ್ಟಿದ್ದ. ಅದನ್ನು ತೆಗೆದು ಒರೆಸುತ್ತ ಹೇಳಿದ:

“ಕಡೀ ಎರಡು ದಿನಾ ನನ್ನ ಬಲಗೈ ಬಿಡಲಿಲ್ರಿ ಅಕಿ. ಈ ಕಿರುಬೆರಳ ಬಾಜೂಕಿನ ಬೆರಳ ಐತಲ್ಲ, ಇದನ್ನ ಮುಟ್ಟಿ ಮುಟ್ಟಿ ನೋಡ್ತಿದ್ಲು. ಯಾಕವಾ ಅಂದೆ. ‘ನಿಮ್ಮ ಅಬ್ಬಾಂದು ಇಲ್ಲಿಗೇ ತುಂಡಾಗಿತ್ತು. ತೂಕದ ಕಲ್ಲು ಬಿದ್ದು. ನಿಂದು ಪೂರಾ ಐತೇನಂತ ನೋಡಿದೆ’ ಅಂದ್ಲು. ಇಷ್ಟು ವರ್ಷ ಹೇಳಿದ್ದಿಲ್ಲ. ನಮ್ಮ ಅಬ್ಬಾಂದು ನನಗ ಗೊತ್ತಿರೂದು ಅಂದ್ರ ಇದೊಂದ ನೋಡ್ರಿ. ಅರ್ಧ ಬೆರಳು.”

ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಕೈ, ಕೆಂಪು ಉಗುರು, ಅರ್ಧ ಬೆರಳು, ಚಾಚಿಯ ಪ್ರಶ್ನೆ, ನನ್ನ ನಗು, ವಹಿಯಲ್ಲಿ ಬರೆದಿಟ್ಟ ಚಿತ್ರ. ಅವನು ಕಣ್ಣು ಮಿಟುಕಿಸದೆ ಕೇಳಿದ. ನಂಬುವುದಿಲ್ಲ ಎಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ.

“ಮಾರಿ?”

“ನೋಡಲಿಲ್ಲೋ.”

“ಯಾಕ ನೋಡಲಿಲ್ರಿ? ಒಂದು ಇಷ್ಟು ಕ್ಯಾಮೆರಾ ಮ್ಯಾಲೆತ್ತಿದ್ರ ಕಾಣ್ತಿತ್ತಲ್ರಿ!”

ಏನು ಹೇಳಲಿ? ಬೆರಳು ನೋಡುತ್ತ ಉಳಿದುಬಿಟ್ಟೆ ಎಂದೆ. ಅವನು ತಾಯಿಯ ಫೋಟೋವನ್ನು ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದ. ಆಮೇಲೆ ಧ್ವನಿ ಏರಿಸದೆ ಹೇಳಿದ:

“ಮಾರಿ ನೋಡಲಿಲ್ಲ, ಹೋಗಲಿ ಬಿಡ್ರಿ. ಅವ್ವಗ ಯಾಕ ಹೇಳಲಿಲ್ಲ? ಏಳು ವರ್ಷ ಅಕಿ ನಿಮಗ ಚಾ ಮಾಡಿ ಕೊಟ್ಟಾಳ್ರಿ ಮಾಸ್ತರ್ರ. ಒಂದ ಮಾತು. ‘ಚಾಚಿ, ನೀವು ಒಬ್ರ ಇದ್ದಿಲ್ಲ’ ಅಂತ ಒಂದ ಮಾತು ಅಂದಿದ್ರ ಸಾಕಿತ್ತಲ್ರಿ. ನೀವು ನಂಬೂದು ಬಿಡೂದು ಆಮ್ಯಾಲೆ.”

ನಾನು ಎದ್ದು ಬಂದೆ. ಮೂರು ಶನಿವಾರ ರಾಣೆಬೆನ್ನೂರಿಗೆ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ. ಕಂಡದ್ದು ನಿಜವೋ ಸುಳ್ಳೋ ಎಂಬು­ದಕ್ಕಿಂತ, ಸುಮ್ಮನಿದ್ದದ್ದೇ ಹೆಚ್ಚು ಚುಚ್ಚುತ್ತಿತ್ತು. ಆದರೂ ಹಳೆಯ ಚಾಳಿ ಬಿಡುತ್ತದೆಯೇ? ರಾತ್ರಿ ಮಲಗಿದರೆ ತಲೆ ಮತ್ತೆ ಪುರಾವೆ ಹುಡುಕುತ್ತಿತ್ತು. ಬ್ಯಾಡಗಿಯಲ್ಲಿ ಯಾರೋ ಹಳೆಯ ಹಮಾಲರು ಆ ಬೆರಳಿನ ಸುದ್ದಿ ಆಡಿದ್ದನ್ನು ಎಂದೋ ಕೇಳಿ ನಾನು ಮರೆತಿರಬಹುದೇ? ಮರೆತದ್ದೇ ಗಾಜಿನಲ್ಲಿ ಎದ್ದು ಬಂದಿರಬಹುದೇ? ಇರಬಹುದು. ಇರಲಿಕ್ಕಿಲ್ಲ. ಇಷ್ಟರ ಮೇಲೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗಲಿಲ್ಲ.

ನಾಲ್ಕನೇ ವಾರ ಅವನೇ ಹಾವೇರಿಗೆ ಬಂದ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಬೇವಿನಮರದ ಕೆಳಗೆ ನಿಂತಿದ್ದ. ಗಡ್ಡ ಬೆಳೆದಿತ್ತು. ಸಿಟ್ಟಿನಲ್ಲಿ ಬಂದಂತೆ ಕಾಣಲಿಲ್ಲ.

“ಏನೋ ಬರದಿಟ್ಟೇನಿ ಅಂದಿದ್ರಲ್ಲ ಅವತ್ತ. ಆ ವಹಿ ಐತೇನ್ರಿ?”

ಇತ್ತು. ಲ್ಯಾಬಿನ ಕಪಾಟಿನಲ್ಲಿ ಹಳೆಯ ವಹಿಗಳ ಅಡಿಯಲ್ಲಿ ಸಿಕ್ಕಿತು. ಲ್ಯಾಬಿನ ಮೇಜಿನ ಮೇಲೆ ಬಿಡಿಸಿಟ್ಟೆ. ಅವನು ಬೆಳಕಿನ ಗೆರೆಗಳನ್ನೆಲ್ಲ ದಾಟಿ ಸೀದಾ ಆ ಕೈಗೆ ಬಂದ. ನನ್ನ ಚಿತ್ರಕಲೆ ಅಷ್ಟಕ್ಕಷ್ಟೇ, ಆದರೂ ಬೆರಳುಗಳನ್ನು ಜಾಗರೂಕತೆಯಿಂದ ಬರೆದಿದ್ದೆ. ಅವನು ವಹಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತನ್ನ ಬಲಗೈಯನ್ನು ನಿಧಾನವಾಗಿ ಚಿತ್ರದ ಮೇಲೆ ಇಟ್ಟ. ಕಿರುಬೆರಳಿನ ಪಕ್ಕದ ಬೆರಳನ್ನು ಒಳಕ್ಕೆ ಮಡಚಿದ. ಬೆರಳಿಗೆ ಬೆರಳು ಸರಿಹೊಂದಿತು. ಹಾಗೇ ಇಟ್ಟುಕೊಂಡು ನಿಂತ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಬಲಗೈ” ಎಂದ. “ನಮ್ಮ ಅಬ್ಬಾಂದು.”

ಏಳು ವರ್ಷ ನನಗೆ ಹೊಳೆಯದಿದ್ದದ್ದು ಆಗ ಹೊಳೆಯಿತು. ನಾನು ಬರೆದದ್ದು ಗಾಜಿನಲ್ಲಿ ಕಂಡಂತೆ. ಗಾಜಿನಲ್ಲಿ ಬಲಗೈಯಾಗಿ ಕಂಡರೆ ಕುರ್ಚಿಯ ಹಿಂದೆ ಇದ್ದದ್ದು ಎಡಗೈ. ಚಾಚಿಯ ನತ್ತು ತಿರುಗಿ ಕಂಡಿತ್ತು, ಕೈಯೂ ತಿರುಗಿಯೇ ಕಂಡಿರಬೇಕು. ಅವನ ಅಪ್ಪ ಕಳೆದುಕೊಂಡದ್ದು ಬಲಗೈಯ ಬೆರಳು. ಹಾಗಾದರೆ ಅದು ಅವರ ಕೈ ಅಲ್ಲ. ಹೇಳಬೇಕೇ? ಒಮ್ಮೆ ಸುಮ್ಮನಿದ್ದು ಕೆಟ್ಟಿದ್ದೆ. ಮತ್ತೆ ಸುಮ್ಮನಿರುವುದು ಬೇಡ ಎನಿಸಿತು.

“ದಾದಾಪೀರ, ಒಂದು ಮಾತು ಹೇಳತೇನಿ, ಬ್ಯಾಸರ ಮಾಡಕೋಬ್ಯಾಡ. ಆ ಗಾಜಿನ್ಯಾಗ...”

“ಎಡಾ ಬಲಾ ತಿರುವುಮುರುವು ಕಾಣ್ತೈತಿ ಅಂತೀರಲ್ಲ?” ಎಂದ ಅವನು, ಕೈ ತೆಗೆಯದೆ. “ಇಪ್ಪತ್ತು ವರ್ಷ ಆತ್ರಿ ಆ ಗಾಜಿನ್ಯಾಗ ನೋಡಾಕತ್ತು. ನನಗ ಗೊತ್ತಿಲ್ಲೇನು? ಕ್ಯಾಮೆರಾದ ಮುಂದ ನಿಂತವರೆಲ್ಲ ತಿರುಗೇ ಕಾಣ್ತಾರ. ನೆಟ್ಟಗ ಕಂಡ್ರು ಅಂದ್ರ ಅವರು ಮುಂದ ನಿಂತಿಲ್ಲ ಅಂತಾತು.” ಅಳುತ್ತಲೇ ನಕ್ಕ. “ಕಡೀತನಕ ನಿಲ್ಲಲಿಲ್ಲ ನೋಡ್ರಿ ನಮ್ಮ ಅಬ್ಬಾ, ಕ್ಯಾಮೆರಾದ ಮುಂದ.”

ನಾನು ಕಲಿತ ಪಾಠ ಸರಿಯಾದರೆ ಆ ಕೈ ಅವನ ಅಪ್ಪನದಲ್ಲ, ಅಷ್ಟೇ ಅಲ್ಲ, ಅಲ್ಲಿ ಯಾರದೋ ಎಡಗೈ ಇದ್ದಿರಬೇಕು, ಆದರೆ ಅಲ್ಲಿ ಯಾರೂ ಇರಲಿಲ್ಲ. ಅವನ ಮಾತು ಸರಿಯಾದರೆ ಆ ಬೆಳಕು ಲೆನ್ಸಿನ ಮೂಲಕ ಬರಲೇ ಇಲ್ಲ, ಮತ್ತೆ ಎಲ್ಲಿಂದ ಬಂತು? ಅವನು ಹಾಗೆಂದು ನಂಬಿದ್ದನೋ, ಇಲ್ಲ ನನ್ನ ಮೇಲಿನ ಭಾರ ಇಳಿಸಲು ಹಾಗೆ ಹೇಳಿದನೋ, ಅದೂ ಗೊತ್ತಿಲ್ಲ. ಗಂಟೆ ಹೊಡೆಯಿತು. ಆ ಪುಟವನ್ನು ನಾನೇ ಹರಿದು ಅವನ ಕೈಗೆ ಕೊಟ್ಟೆ. ಚಾಚಿಯ ಫೋಟೋದ ಕಟ್ಟಿನೊಳಗೆ, ಹಿಂಬದಿಯಲ್ಲಿ, ಯಾರಿಗೂ ಕಾಣದ ಹಾಗೆ ಅದನ್ನು ಇಟ್ಟಿದ್ದಾನೆ. ಹೀಗಾಗಿ ತೋರಿಸಲು ನನ್ನ ಹತ್ತಿರ ಪುರಾವೆಯೂ ಉಳಿದಿಲ್ಲ.

ನಿವೃತ್ತಿಯವರೆಗೂ ಕನ್ನಡಿಯ ಆ ಪಾಠವನ್ನು ಪ್ರತಿ ವರ್ಷ ಮಾಡಿದೆ. ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ, ಬೇರೇನೂ ಹೇಳಲಿಲ್ಲ. ಕಂಡದ್ದೇನು ಎಂಬುದು ಅವತ್ತು ಎಷ್ಟು ಅರ್ಥವಾಗಿತ್ತೋ ಇವತ್ತಿಗೂ ಅಷ್ಟೇ. ಆದರೆ ಚಾಚಿಯ ಪ್ರಶ್ನೆ ಮಾತ್ರ ಸರಿಯಾಗಿ ನೆನಪಿದೆ. ‘ನಾ ಒಬ್ಬಾಕೀನ ಬಂದೇನಿಲ್ಲೋ?’ ಎಂದು ಇನ್ನೊಮ್ಮೆ ಅವರು ಕೇಳುವಂತಿದ್ದರೆ ಏನು ಹೇಳುತ್ತಿದ್ದೆನೋ ಕಾಣೆ. ನಗುತ್ತಿರಲಿಲ್ಲ, ಅಷ್ಟು ಮಾತ್ರ ಖರೆ.